ಮಣ್ಣಿನ ಮೀನಿನ ಹಿಂದೆ

“ಅಲ್ಲೇ ನಿಲ್ಲಿಸು,” ಅಂದೆ.

ಜಿಗಣೆ ಕೀಲಿ ಒತ್ತಿದಳು. ಪರದೆಯ ಮೇಲೆ ಮಣ್ಣಿನ ಮೀನು ಬಾಲ ಎತ್ತಿದ ಹಾಗೇ ನಿಂತುಬಿಟ್ಟಿತು.

“ಬಾಲ ಸೊಟ್ಟ ಆಗಿದೆ ಅಲ್ವಾ ದೊಡ್ಡಮ್ಮ? ಅವತ್ತು ಮಣ್ಣು ಒಣಗಿಹೋಗಿತ್ತು.”

“ಬಾಲ ಚೆನ್ನಾಗೇ ಇದೆ. ನಾನು ಬಾಲ ನೋಡ್ತಿಲ್ಲ.”

ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಎಂಟು ಯಂತ್ರಗಳಿದ್ದವು, ಜೀವ ಇದ್ದದ್ದು ಮೂರಕ್ಕೆ. ಡ್ರಾಯಿಂಗ್ ಮೇಷ್ಟ್ರು ಬಾಗಿಲಿಗೆ ಆತುಕೊಂಡು ನಿಮಿಷಕ್ಕೊಮ್ಮೆ ಹೊರಗೆ ಇಣುಕುತ್ತಿದ್ದರು. ಊಟದ ಗಂಟೆ ಹೊಡೆಯೋದರೊಳಗೆ ಮುಗಿಸಿ ಅಂತ ಮೂರು ಸಲ ಹೇಳಿಯಾಗಿತ್ತು. ನಾವೇನೋ ಕನ್ನ ಹಾಕಲು ಬಂದವರು, ಅವರು ಕಾವಲು ನಿಂತವರು ಅನ್ನೋ ಹಾಗಿತ್ತು ಮುಖ.

ಅವರನ್ನೂ ಪೂರ್ತಿ ಬೈಯುವ ಹಾಗಿಲ್ಲ. ಸೋಮವಾರ ಸ್ಪರ್ಧೆಯ ಸಮಿತಿಯವರು ಪಟ್ಟಿಯಿಂದ ಜಿಗಣೆಯ ಸಿನಿಮಾ ಹೊಡೆದುಹಾಕಿದ್ದರು. ಮಂಗಳವಾರ ಅದರ ಕಾರಣವನ್ನು ಶಾಲೆಯ ನೋಟೀಸು ಹಲಗೆಗೆ ಅಂಟಿಸಿದ್ದರು, ಮಕ್ಕಳೆಲ್ಲ ಓದುವ ಎತ್ತರದಲ್ಲಿ. “ಚಿತ್ರದಲ್ಲಿ ದೊಡ್ಡವರ ಕೈವಾಡ ಕಂಡುಬಂದಿರುವುದರಿಂದ” ಅಂತ. ಅವತ್ತಿನಿಂದ ತರಗತಿಯಲ್ಲಿ ಅವಳ ಹೆಸರು ಕಳ್ಳಿ.

ಹತ್ತು ವರ್ಷದ ಮಗು ರೀ. ಒಂದು ಸಮಿತಿಯಲ್ಲಿ ಒಂಬತ್ತು ಜನ ದೊಡ್ಡವರು ಕೂತು, ಒಂದು ಮಾತೂ ಕೇಳದೆ, ಹತ್ತು ವರ್ಷದ ಮಗುವನ್ನು ಕಳ್ಳಿ ಮಾಡಿದ್ದರು.

ಜಿಗಣೆ ಅನ್ನೋದು ಅವರಮ್ಮ, ಅಂದರೆ ನನ್ನ ತಂಗಿ, ಇಟ್ಟ ಅಡ್ಡಹೆಸರು. ಹಿಡಿದ ಕೆಲಸ ಬಿಡೋಳಲ್ಲ. ಅಣು ವಿದ್ಯುತ್ ಸ್ಥಾವರಗಳಿರುವ ಐದು ಊರುಗಳ ಮಕ್ಕಳಿಗೆ ಅನಿಮೇಷನ್ ಮತ್ತು ಕಿರುಚಿತ್ರ ಸ್ಪರ್ಧೆ ಅಂತ ಕೇಳಿದ್ದೇ ತಡ, ನನ್ನ ಫೋನ್ ಕಿತ್ತುಕೊಂಡಳು. ಸ್ಟೂಲ್ ತಲೆಕೆಳಗೆ ಮಾಡಿ, ಅದರ ಕಾಲಿಗೆ ಫೋನನ್ನು ಹಗ್ಗದಲ್ಲಿ ಬಿಗಿದಳು. ತಂಗಿಯ ಮನೆಯ ಅಡುಗೆಮನೆ ಕಟ್ಟೆಯ ಮೇಲೆ ಮಣ್ಣಿನ ಮೀನನ್ನಿಟ್ಟು, ಕೂದಲೆಳೆಯಷ್ಟು ಸರಿಸೋದು, ಒಂದು ಫೋಟೋ ತೆಗೆಯೋದು. ಮತ್ತೆ ಸರಿಸೋದು, ಮತ್ತೆ ಫೋಟೋ. ಕಟ್ಟೆಯ ಮೇಲೆ ಬಿಸಿಲು ಬೀಳುವುದು ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ ಮಾತ್ರ. ಶಾಲೆಯ ರಜೆಯ ಮೂವತ್ತನಾಲ್ಕು ಬೆಳಿಗ್ಗೆ, ಸಾವಿರದ ಆರುನೂರು ಫೋಟೋ. ಓಡಿಸಿದರೆ ಎರಡು ನಿಮಿಷ ನಲವತ್ತು ಸೆಕೆಂಡು. ಸ್ಥಾವರದ ಬಿಸಿನೀರು ಕಾಲುವೆಗೆ ದಾರಿ ತಪ್ಪಿ ಬಂದ ಮೀನೊಂದು ಮತ್ತೆ ಸಮುದ್ರ ಹುಡುಕಿಕೊಂಡು ಹೋಗುವ ಕತೆ. ಆ ತಿಂಗಳು ನನಗೆ ಫೋನ್ ಮಾಡಿದವರಿಗೆಲ್ಲ ಬೈಗುಳ ಜಿಗಣೆಯದು.

ತಂಗಿಗೆ ಹೊಲಿಗೆ ಕಾರ್ಖಾನೆಯಲ್ಲಿ ರಜೆ ಸಿಗದೆ, ಅರ್ಜಿಯಲ್ಲಿ ‘ಪೋಷಕರು’ ಅನ್ನೋ ಕಡೆ ರುಜು ಹಾಕಿದವಳೂ ನಾನೇ.

ಮೇಷ್ಟ್ರು ಕೊಟ್ಟ ಮೊದಲ ಸುತ್ತಿನ ಅಂಕಪಟ್ಟಿ ನನ್ನ ಕೈಯಲ್ಲಿತ್ತು. ತೀರ್ಪುಗಾರರೊಬ್ಬರು ಕೈಬರಹದಲ್ಲಿ ಬರೆದಿದ್ದರು: “ಹಿನ್ನೆಲೆಯಲ್ಲಿ ವಸ್ತುಗಳು ಜಿಗಿಯುತ್ತವೆ. ಆರು ಅಂಕ ಕಡಿತ.”

ನನ್ನ ತಲೆ ಕೆಲಸ ಶುರುಮಾಡಿದ್ದು ಇದನ್ನು ಓದಿದಾಗ. ಮೊದಲ ಸುತ್ತಿನಲ್ಲಿ ಹಿನ್ನೆಲೆ ಜಿಗಿಯುತ್ತೆ ಅಂತ ಅಂಕ ಕಡಿದವರು, ವಾರ ಕಳೆಯೋದರಲ್ಲಿ ಇದು ದೊಡ್ಡವರ ಕೆಲಸ ಅಂತಾರೆ. ದೊಡ್ಡವರು ಮಾಡಿದ್ದರೆ ಮೀನಿನ ಹಿಂದೆ ಒಂದು ಬಟ್ಟೆ ಕಟ್ಟುತ್ತಿದ್ದರು. ಅಷ್ಟು ಬುದ್ಧಿ ನನಗೂ ಇದೆ. ಬಟ್ಟೆ ಕಟ್ಟದೆ ಮೀನನ್ನು ಮಾತ್ರ ನೋಡುತ್ತಾ ಕೂರೋದು ಮಗು ಮಾಡುವ ತಪ್ಪು.

ಹಾಗಾದರೆ ಹಿಂದೆ ಜಿಗಿದದ್ದು ಏನು?

ಇಪ್ಪತ್ತಾರು ವರ್ಷ ನಾನು ವಿಮಾ ಕಂಪನಿಯಲ್ಲಿ ತನಿಖೆ ಮಾಡಿದವಳು. ಸುಟ್ಟ ಗೋದಾಮು, ಮುಳುಗಿದ ಲಾರಿ, ಕಳೆದುಹೋದ ಒಡವೆ. ಕೆಲಸ ಕಲಿಯಲು ಬಂದವರಿಗೆಲ್ಲ ನಾನು ಹೇಳುತ್ತಿದ್ದದ್ದು ಒಂದೇ. ಫೋಟೋದಲ್ಲಿ ಮುಂದಿರೋದನ್ನ ನಿಮಗೆ ತೋರಿಸಬೇಕು ಅಂತ ಇಟ್ಟಿರ್ತಾರೆ. ಹಿಂದಿರೋದನ್ನ ನೋಡಿ.

“ಒಂದೊಂದೇ ಫೋಟೋ ಸರಿಸು,” ಅಂದೆ ಜಿಗಣೆಗೆ.

ಮೀನಿನ ಹಿಂದೆ ಅಡುಗೆಮನೆಯ ಹಿಂಬಾಗಿಲು ತೆರೆದಿತ್ತು. ಬಾಗಿಲಾಚೆ ಗೋಡೆ. ಗೋಡೆಯಲ್ಲಿ ಒಂದು ಮೊಳೆ. ಮೊಳೆಯ ಕೆಳಗೆ ನೆಲದ ಮೇಲೆ ಅವಳಪ್ಪ ಬೂಟು ಬಿಡುವ ಜಾಗ.

ಬೂಟು ಇತ್ತು. ಮುಂದಿನ ಫೋಟೋದಲ್ಲಿ ಇರಲಿಲ್ಲ. ನಲವತ್ತು ಫೋಟೋ ಆದಮೇಲೂ ಇರಲಿಲ್ಲ. ಆಮೇಲೆ ಮತ್ತೆ ಬಂತು. ಓಡಿಸಿದಾಗ ಬೂಟುಗಳು ಕಪ್ಪೆಯ ಹಾಗೆ ಜಿಗಿಯುತ್ತಿದ್ದದ್ದು ಇದಕ್ಕೇ. ಭಾನುವಾರ ಮನೆಯಲ್ಲಿರುತ್ತವೆ, ಸೋಮವಾರ ಕೆಲಸಕ್ಕೆ ಹೋಗುತ್ತವೆ.

ಆದರೆ ನನ್ನ ಕಣ್ಣು ಕಚ್ಚಿಕೊಂಡದ್ದು ಮೊಳೆಗೆ. ಅಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ, ನೀಲಿ ಕ್ಲಿಪ್ಪಿನ ವಸ್ತುವೊಂದು ನೇತಾಡುತ್ತಿತ್ತು. ಕೆಲವು ಸಲ ಒಂದಿತ್ತು. ಕೆಲವು ಸಲ ಎರಡಿದ್ದವು.

“ನಿನ್ನ ಪುಸ್ತಕ ಕೊಡು.”

ಜಿಗಣೆಯ ಹತ್ತಿರ ಒಂದು ಗೀಟು ಪುಸ್ತಕ ಇತ್ತು. ಪ್ರತಿದಿನ ಎಷ್ಟನೇ ಫೋಟೋದಿಂದ ಎಷ್ಟನೆಯದರವರೆಗೆ ತೆಗೆದೆ ಅಂತ ತಾರೀಕು ಹಾಕಿ ಬರೆದಿದ್ದಳು. ಅದನ್ನು ಪಕ್ಕದಲ್ಲಿಟ್ಟುಕೊಂಡು ಮೂವತ್ತನಾಲ್ಕು ಬೆಳಿಗ್ಗೆಗಳನ್ನೂ ನೋಡಿದೆ. ಮೊದಲ ಹತ್ತು ದಿನ ಮೊಳೆ ಬರಿದಾಗಿತ್ತು. ಹನ್ನೊಂದನೆಯ ದಿನದಿಂದ ಒಂದೇ ಪಾಠ. ಬೂಟು ಮನೆಯಲ್ಲಿದ್ದ ಭಾನುವಾರ ಮೊಳೆಯಲ್ಲಿ ಎರಡು. ಬೂಟು ಹೊರಗೆ ಹೋದ ದಿನ ಮೊಳೆಯಲ್ಲಿ ಒಂದು. ತಪ್ಪದೆ.

ಒಬ್ಬ ಮನುಷ್ಯ. ಎರಡು ಬ್ಯಾಡ್ಜು.

ಗೊತ್ತಿಲ್ಲದವರಿಗೆ ಹೇಳಬೇಕು. ಸ್ಥಾವರದೊಳಗೆ ಹೋಗುವ ಪ್ರತಿಯೊಬ್ಬರೂ ಎದೆಗೆ ಸಿಕ್ಕಿಸಿಕೊಳ್ಳುವ ಬ್ಯಾಡ್ಜದು. ಒಳಗೊಂದು ಸಣ್ಣ ಬಿಲ್ಲೆ ಇರುತ್ತೆ. ಮೈಗೆ ಎಷ್ಟು ವಿಕಿರಣ ತಗುಲಿತು ಅನ್ನೋದನ್ನ ಆ ಬಿಲ್ಲೆ ನೆನಪಿಟ್ಟುಕೊಳ್ಳುತ್ತೆ. ತಿಂಗಳಿಗೊಮ್ಮೆ ಅದನ್ನು ಯಂತ್ರಕ್ಕೆ ಹಾಕಿ ಓದುತ್ತಾರೆ. ಮಿತಿ ದಾಟಿದವನನ್ನು ಒಳಗೆ ಬಿಡೋದಿಲ್ಲ. ಆ ಬ್ಯಾಡ್ಜು ಎದೆಯ ಮೇಲಿರಬೇಕು. ಮೊಳೆಯ ಮೇಲಲ್ಲ.

 ಜಿಗಣೆಯ ಎದುರಿಗೆ ಬಾಯಿ ಬಿಡಲಿಲ್ಲ. ಹೋಗಿ ಊಟ ಮಾಡು ಅಂದೆ.

“ಸ್ಪರ್ಧೆಯವರನ್ನ ನೋಡೋಕೆ ನೀನು ಸ್ಥಾವರದ ಕ್ಲಬ್ಬಿಗೆ ಹೋಗ್ತೀಯಲ್ಲ, ನಾನೂ ಬರ್ತೀನಿ ದೊಡ್ಡಮ್ಮ. ಅವರೆದುರಿಗೇ ಕೂತು ಮಾಡಿ ತೋರಿಸ್ತೀನಿ. ಮಣ್ಣು ಬ್ಯಾಗಲ್ಲೇ ಇದೆ.”

“ನಾಲ್ಕರವರೆಗೆ ಶಾಲೆ ಬಿಟ್ಟು ಕದಲಿದ್ರೆ ಕಾಲು ಮುರೀತೀನಿ.”

“ಕಾಲು ಮುರಿದ್ರೂ ಕೈ ಇರುತ್ತಲ್ಲ. ಮೀನು ಮಾಡೋದು ಕೈಯಲ್ಲಿ,” ಅಂತ ಗೊಣಗಿಕೊಂಡು ಹೋದಳು.

ಮೇಷ್ಟ್ರನ್ನು ಕೇಳಿದೆ, ತೀರ್ಪುಗಾರರನ್ನು ಬಿಟ್ಟರೆ ಈ ಸಿನಿಮಾ ಮೊದಲು ನೋಡಿದವರು ಯಾರು ಅಂತ. ಅವರು ಕನ್ನಡಕ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ಕೊನೆಗೆ ಹೇಳಿದರು. ತಾನು ನೋಡಿದೆ, ಹಿಂದೆ ಜಿಗಿಯೋದೂ ಕಂಡಿತು, ಮಗುವಿನ ಕೆಲಸ ಮಗುವಿನದಾಗೇ ಇರಲಿ ಅಂತ ತಿದ್ದಿಸಲಿಲ್ಲ. ಹೋದ ಶನಿವಾರ ಮಧ್ಯಾಹ್ನ ಸ್ಪರ್ಧೆಯ ಕಾರ್ಯದರ್ಶಿ ಇದೊಂದನ್ನೇ ಇನ್ನೊಮ್ಮೆ ತರಿಸಿಕೊಂಡು ನೋಡಿದ. ಸೋಮವಾರ ಪಟ್ಟಿಯಿಂದ ಹೋಯಿತು.

ಕಾರ್ಯದರ್ಶಿ ಅಂದರೆ ಸ್ಥಾವರದ ಪ್ರಚಾರಾಧಿಕಾರಿ. ಅದಕ್ಕೆ ಮೊದಲು ಆರು ವರ್ಷ ಸುರಕ್ಷತಾ ವಿಭಾಗದಲ್ಲಿದ್ದವನು. ನೀಲಿ ಕ್ಲಿಪ್ಪನ್ನು ಎಷ್ಟು ದೂರದಿಂದ ತೋರಿಸಿದರೂ ಗುರುತು ಹಿಡಿಯುವವನು.

“ಮೇಡಂ, ನಾನು ಸ್ಥಾವರದ ಮನೇಲೇ ಇರೋದು,” ಅಂದರು ಮೇಷ್ಟ್ರು. “ನನ್ನ ಹೆಸರು ಎಲ್ಲೂ ಬರಬಾರದು.”

“ಅವಳ ಹೆಸರು ನೋಟೀಸು ಹಲಗೇಲಿ ಬಂದಾಗ ಈ ಮಾತು ಎಲ್ಲಿತ್ತು?”

ಅವರು ಮತ್ತೆ ಕನ್ನಡಕ ತೆಗೆದರು. ನನಗೆ ಇನ್ನೂ ನಾಲ್ಕು ಮಾತು ಬಾಯಿಗೆ ಬಂದಿದ್ದವು. ಹೊತ್ತಿರಲಿಲ್ಲ. ಇವತ್ತು ಗುರುವಾರ. ಶನಿವಾರ ಬೆಳಿಗ್ಗೆ ಹತ್ತಕ್ಕೆ ಆಯ್ಕೆಯಾದ ಸಿನಿಮಾಗಳನ್ನು ಐದೂ ಊರಿನ ಕ್ಲಬ್ಬುಗಳಲ್ಲಿ ಒಟ್ಟಿಗೇ ತೋರಿಸುತ್ತಾರೆ. ಅಷ್ಟರಲ್ಲಿ ಅವಳ ಹೆಸರು ವಾಪಸ್ ಬರದಿದ್ದರೆ ಆಮೇಲೆ ಬಂದು ಏನು ಪ್ರಯೋಜನ?

ಗೇಟಿನ ಹೊರಗೆ ಬ್ಯಾಡ್ಜ್ ಕೌಂಟರಿದೆ. ಜಾಲರಿ ಹಾಕಿದ ಕಿಟಕಿ, ಹಿಂದೆ ಒಬ್ಬ ಗುಮಾಸ್ತ. ಹಿಂದೊಮ್ಮೆ ಅವನ ಸ್ಕೂಟರು ಕಳವಾದಾಗ ವಿಮೆಯ ತನಿಖೆ ಮಾಡಿದವಳು ನಾನು. ಅವನು ಹೇಳಿದ್ದು ನಿಜ ಅಂತ ಬರೆದಿದ್ದೆ. ಅದಕ್ಕೆ ಈಗಲೂ ನಮಸ್ಕಾರ ಹೇಳುತ್ತಾನೆ.

ಸ್ಕೂಟರಿನ ಕ್ಷೇಮ ವಿಚಾರಿಸಿ, ಬ್ಯಾಡ್ಜು ಯಾರ ಕೈಯಲ್ಲಿರುತ್ತೆ ಅಂತ ಕೇಳಿದೆ. ಖಾಯಂ ನೌಕರರದ್ದು ಗೇಟಿನ ಹಲಗೆಯಲ್ಲೇ ನೇತಾಡುತ್ತಂತೆ. ಒಳಗೆ ಹೋಗುವಾಗ ತಗೊಳ್ಳೋದು, ಬರುವಾಗ ಹಾಕೋದು. ಗುತ್ತಿಗೆ ಆಳುಗಳದ್ದು ಮಾತ್ರ ಅವರ ಮೇಸ್ತ್ರಿಯ ಜವಾಬ್ದಾರಿ. ಒಂದನೇ ತಾರೀಕು ಹಂಚುತ್ತಾನೆ, ದಿನಾ ಸಂಜೆ ಅವನ ಶೆಡ್ಡಿನಲ್ಲೇ ಇಟ್ಟು ಹೋಗಬೇಕು, ತಿಂಗಳ ಕೊನೆಗೆ ಒಟ್ಟುಮಾಡಿ ತಂದುಕೊಡುತ್ತಾನೆ. ಗೇಟಿನ ಕಾವಲುಗಾರ ಎದೆಯ ಮೇಲೆ ಬ್ಯಾಡ್ಜು ಇದೆಯೇ ಅಂತ ನೋಡುತ್ತಾನೆ. ಒಳಗೆ ಬಿಲ್ಲೆ ಇದೆಯೇ ಅಂತ ಬಿಚ್ಚಿ ನೋಡೋದಿಲ್ಲ. ಎಂಟುನೂರು ಜನ ಸಾಲು ನಿಂತಿರುವಾಗ ಬಿಚ್ಚಿ ನೋಡಲು ಯಾರಿಗೆ ಪುರುಸೊತ್ತು?

“ಬಿಲ್ಲೆ ಇಲ್ಲದ ಖಾಲಿ ಗೂಡುಗಳು ಎಲ್ಲಿ ಸಿಗ್ತವೆ?”

“ಹಳೇವು ಮೂಟೆಗಟ್ಟಲೆ ಇವೆ. ಬಿಲ್ಲೆ ತೆಗೆದು ಬಿಸಾಕಿದ್ದು. ಮೇಸ್ತ್ರಿ ಒಂದು ಮೂಟೆ ಗುಜರಿಗೆ ಅಂತ ತಗೊಂಡು ಹೋದ.”

ವರ್ಷಕ್ಕೊಮ್ಮೆ ಸ್ಥಾವರ ನಿಲ್ಲಿಸಿ ರಿಪೇರಿ ಮಾಡುತ್ತಾರೆ. ಮಕ್ಕಳಿಗೆ ರಜೆ ಇದ್ದ ತಿಂಗಳೇ ಅದು. ನನ್ನ ತಂಗಿಯ ಗಂಡ ಪೈಪುಗಳಿಗೆ ಶಾಖ ತಡೆಯುವ ಹೊದಿಕೆ ಸುತ್ತುವವನು. ರಿಪೇರಿ ಹೊತ್ತಿನಲ್ಲಿ ಎಲ್ಲರಿಗಿಂತ ಒಳಗೆ, ಎಲ್ಲರಿಗಿಂತ ಹೆಚ್ಚು ಹೊತ್ತು ಇರುವುದು ಅಂಥವರೇ. ಆ ತಿಂಗಳು ಅವರ ಬ್ಯಾಡ್ಜುಗಳು ಏನು ಹೇಳಿದವು ಅಂತ ಕೇಳಿದೆ.

ಗುಮಾಸ್ತ ಖುಷಿಯಾಗಿ ನಕ್ಕ.

“ಈ ಸಲ ಬಹಳ ಒಳ್ಳೇದಾಯ್ತು ಮೇಡಂ. ಗುತ್ತಿಗೆಯವರದ್ದು ಇಲ್ಲಿ ಕುರ್ಚೀಲಿ ಕೂತಿರೋ ನನಗಿಂತ ಕಮ್ಮಿ. ಮನೇಲಿ ಇದ್ದವರ ಹಾಗೆ.”

ಪಾಪ, ನಿಜವನ್ನೇ ಹೇಳಿದ. ಬ್ಯಾಡ್ಜು ಮನೆಯಲ್ಲೇ ಇತ್ತು. ಒಳಗೆ ಹೋಗಿದ್ದು ಖಾಲಿ ಗೂಡು ಮತ್ತು ಒಬ್ಬ ಮನುಷ್ಯನ ಮೈ.

ಕ್ಲಬ್ಬಿನವರೆಗೆ ಬಿಸಿಲಲ್ಲಿ ನಡೆದೆ. 

ಕ್ಲಬ್ಬಿನ ಸಭಾಂಗಣದಲ್ಲಿ ಇನ್ನೂರು ಮಡಚುವ ಕುರ್ಚಿ ಹಾಕಿಯಾಗಿತ್ತು. ಬಾಗಿಲ ಮೇಲೆ ಸ್ಪರ್ಧೆಯ ಲಾಂಛನ, ಕೈಕಾಲು ಮೂಡಿದ ದುಂಡನೆಯ ಅಣು, ಹಲ್ಲು ಕಿಸಿದುಕೊಂಡು. ಉಳಿದ ನಾಲ್ಕು ಊರುಗಳ ಸಿನಿಮಾಗಳು ಅವತ್ತು ಬೆಳಿಗ್ಗೆಯಷ್ಟೇ ಬಂದಿದ್ದವು. ಪ್ರೊಜೆಕ್ಟರಿನವನು ಹಿಂದಿನ ಸಾಲಿನಲ್ಲಿ ಕೂತು, ಶಬ್ದ ತೆಗೆದು, ಒಂದೊಂದನ್ನೇ ಓಡಿಸಿ ಪರೀಕ್ಷೆ ಮಾಡುತ್ತಿದ್ದ.

ಕಾರ್ಯದರ್ಶಿ ವೇದಿಕೆಯ ಕೆಳಗೆ ಮೇಜು ಹಾಕಿಕೊಂಡು ಪರದೆಗೆ ಬೆನ್ನು ಮಾಡಿ ಕೂತಿದ್ದ. ಇಸ್ತ್ರಿ ಕೆಡದ ಅಂಗಿ, ಎಣ್ಣೆ ಹಚ್ಚಿದಂಥ ಮಾತು. ನಾನು ಬರುವುದು ಗೊತ್ತಿದ್ದವನ ಹಾಗೆ ಎದುರಿನ ಕುರ್ಚಿ ತೋರಿಸಿದ. ಕುಡಿಯಲು ನೀರು ತರಿಸಲೇ ಅಂದ.

ಬೇಡ ಅಂದೆ. ಅಂಕಪಟ್ಟಿ ಮೇಜಿನ ಮೇಲಿಟ್ಟು, ಹಿಂದೆ ಬಟ್ಟೆ ಕಟ್ಟಲೂ ತಿಳಿಯದ ಆ ದೊಡ್ಡವರು ಯಾರು ಸ್ವಾಮಿ ಅಂತ ಕೇಳಿದೆ.

ಅವನು ಸಮಿತಿಯ ತೀರ್ಮಾನ ಅಂದ. ಗೌಪ್ಯ ಅಂದ. ಒಂಬತ್ತನೇ ನಿಯಮ ಅಂದ. ನಾನು ಮಗುವನ್ನು ಇಲ್ಲೇ ಕೂರಿಸುತ್ತೇನೆ, ನಿಮ್ಮೆಲ್ಲರ ಎದುರಿಗೆ ಹತ್ತು ಸೆಕೆಂಡಿನ ಸಿನಿಮಾ ಮಾಡಲಿ, ಆಗದಿದ್ದರೆ ನಾನೇ ನೋಟೀಸು ಹಲಗೆಯ ಮುಂದೆ ನಿಂತು ಕ್ಷಮೆ ಕೇಳುತ್ತೇನೆ ಅಂದೆ. ಅಂಥ ಅವಕಾಶ ನಿಯಮದಲ್ಲಿ ಇಲ್ಲ ಅಂದ.

“ಮಗುವಿನ ಮರ್ಯಾದೆ ತೆಗೆಯೋಕೆ ಅವಕಾಶ ಇದೆ. ವಾಪಸ್ ಕೊಡೋಕೆ ಇಲ್ಲ. ಚೆನ್ನಾಗಿದೆ ನಿಮ್ಮ ನಿಯಮ.”

“ದೂರು ಬಂದಿದೆ ಮೇಡಂ. ಬಂದಮೇಲೆ ಕ್ರಮ ತಗೋಬೇಕಲ್ಲ.”

“ಯಾರು ಕೊಟ್ಟರು?”

ಅವನು ಕಡತ ಬಿಚ್ಚಿದ. ಒಂದು ಹಾಳೆ ತೆಗೆದು, ನನ್ನ ಕಡೆಗೆ ತಿರುಗಿಸಿ, ಒಂದು ಬೆರಳಲ್ಲಿ ತಳ್ಳಿದ.

“ಈ ಚಿತ್ರವನ್ನು ನನ್ನ ಮಗಳು ತಯಾರಿಸಿರುವುದಿಲ್ಲ. ಸದರಿ ಚಿತ್ರವನ್ನು ನಾನೇ ತಯಾರಿಸಿಕೊಟ್ಟಿರುತ್ತೇನೆ. ದಯಮಾಡಿ ಮನ್ನಿಸಬೇಕಾಗಿ ಕೋರುತ್ತೇನೆ.”

ಕೆಳಗೆ ಜಿಗಣೆಯ ಅಪ್ಪನ ರುಜು.

ಅಕ್ಷರ ಅವನದೇ. ಎಡಕ್ಕೆ ವಾಲುವ ಅಕ್ಷರ. ಮದುವೆಯಾದ ಹೊಸದರಲ್ಲಿ, ತಂಗಿ ಚೆನ್ನಾಗಿದ್ದಾಳೆ, ನೀವು ಚಿಂತೆ ಮಾಡಬೇಡಿ ಅಕ್ಕ ಅಂತ ನನಗೆ ಬರೆಯುತ್ತಿದ್ದ ಕಾಗದಗಳು ಇನ್ನೂ ನನ್ನ ಪೆಟ್ಟಿಗೆಯಲ್ಲಿವೆ. ಆ ಕಾಗದಗಳಲ್ಲಿ ಅವನು ಒಂದು ಸಲವೂ ‘ಸದರಿ’ ಅಂದವನಲ್ಲ.

ಎರಡು ದಿನದಿಂದ ಅವನು ಮಗಳ ಮುಖ ನೋಡದೆ ಊಟ ಬಿಟ್ಟು ಏಳುತ್ತಿದ್ದದ್ದು ನೆನಪಾಯಿತು. ಮಗಳಿಗಾದ ಅನ್ಯಾಯಕ್ಕೆ ಅಂದುಕೊಂಡಿದ್ದೆ.

ಹಾಳೆಯನ್ನು ಬೆಳಕಿಗೆ ಹಿಡಿದೆ. ಮೂಲೆಯಲ್ಲಿ ಹಲ್ಲು ಕಿಸಿದ ಅಣು ಅಚ್ಚಾಗಿತ್ತು. ಕಾರ್ಯದರ್ಶಿಯ ಮೊಣಕೈ ಪಕ್ಕದಲ್ಲಿದ್ದ ಬರೆಯುವ ಪ್ಯಾಡಿನ ಮೂಲೆಯಲ್ಲೂ ಅದೇ ಅಣು.

“ಈ ಕಾಗದ ಅಂಗಡೀಲಿ ಸಿಗುತ್ತಾ?”

ಅವನು ಮೊಣಕೈಯನ್ನು ಪ್ಯಾಡಿನ ಮೇಲಿಟ್ಟ.

“ಅವನನ್ನ ಇದೇ ಕುರ್ಚೀಲಿ ಕೂರಿಸಿದ್ರಿ. ನೀವು ಹೇಳಿದ್ರಿ, ಅವನು ಬರೆದ. ಈ ಫೋಟೋಗಳೆಲ್ಲ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರೊಳಗೆ ತೆಗೆದದ್ದು. ಭಾನುವಾರ ಬಿಟ್ಟರೆ ಅಷ್ಟು ಹೊತ್ತಿಗೆ ಅವನು ನಿಮ್ಮ ಗೇಟಿನ ಒಳಗೆ ಪೈಪು ಸುತ್ತುತಾ ಇದ್ದ. ನಿಮ್ಮ ಹಾಜರಿ ಪುಸ್ತಕವೇ ಹೇಳುತ್ತೆ. ಎದೆ ಮೇಲೆ ಖಾಲಿ ಗೂಡು, ಮನೇಲಿ ಮೊಳೆ ಮೇಲೆ ಬ್ಯಾಡ್ಜು. ನೀವು ಹೆದರಿದ್ದು ಮೀನಿಗಲ್ಲ. ಮೊಳೆಗೆ.”

ಪ್ರೊಜೆಕ್ಟರಿನವನಿಗೆ ಕೇಳಿಸಿತೇನೋ ಅಂತ ಅವನು ಒಮ್ಮೆ ಹಿಂದಿನ ಸಾಲಿನ ಕಡೆ ನೋಡಿದ. ಆಮೇಲೆ ಪ್ಯಾಡನ್ನು ಮೇಜಿನ ಅಂಚಿಗೆ ಸರಿಯಾಗಿ ಜೋಡಿಸಿಟ್ಟ. ದನಿ ಮೊದಲಿಗಿಂತ ಮೆತ್ತಗಾಯಿತು.

“ಮೇಡಂ, ನೀವು ತಿಳಿದವರು. ಬ್ಯಾಡ್ಜನ್ನ ಸ್ಥಾವರದಿಂದ ಆಚೆ ತಗೊಂಡು ಹೋಗೋದು ಅಪರಾಧ. ತಗೊಂಡು ಹೋದವರು ಯಾರು? ಮೇಸ್ತ್ರಿ ಅಲ್ಲ. ನಾನಲ್ಲ. ನಿಮ್ಮ ತಂಗಿಯ ಯಜಮಾನರು. ಮೊಳೆ ಅವರ ಮನೆ ಮೊಳೆ. ಒಬ್ಬ ಮನುಷ್ಯ, ಒಂದು ತಪ್ಪು. ಆ ಸಿನಿಮಾ ಸಾಕ್ಷಿ ಹೇಳೋದು ಅವರ ಮೇಲೆ. ತೋರಿಸಬೇಕಾ? ತೋರಿಸೋಣ.”

ಹಾಳೆಯನ್ನು ಮೇಜಿನ ಮೇಲೆ ವಾಪಸ್ ಇಟ್ಟೆ. 

ಕಾರ್ಯದರ್ಶಿ ಹೇಳಿದ್ದು ಸುಳ್ಳಲ್ಲ. ಮೇಸ್ತ್ರಿ ಬಾಯಲ್ಲಿ ಹೇಳಿರುತ್ತಾನೆ, ಬರೆದುಕೊಟ್ಟಿರುವುದಿಲ್ಲ. ಮಿತಿ ದಾಟಿದ ಅಂತ ಗೊತ್ತಾದರೆ ನಾಳೆಯಿಂದ ಕೆಲಸವಿಲ್ಲ, ಯೋಚನೆ ಮಾಡು ಅಂದಿರುತ್ತಾನೆ. ಜಿಗಣೆಯ ಅಪ್ಪ ಯೋಚನೆ ಮಾಡಿದ. ಬ್ಯಾಡ್ಜನ್ನು ಮನೆಗೆ ತಂದು ಮೊಳೆಗೆ ಹಾಕಿದ. ಅದೇ ಮೊಳೆಯ ಮುಂದೆ ಅವನ ಮಗಳು ಕೂತು, ಸಾವಿರದ ಆರುನೂರು ಸಲ ತನ್ನಪ್ಪನನ್ನು ಫೋಟೋ ಹಿಡಿದಿದ್ದಳು, ಮೀನು ಅಂದುಕೊಂಡು.

ಅದನ್ನು ಕಂಡ ಕಾರ್ಯದರ್ಶಿ ಮೇಸ್ತ್ರಿಯನ್ನು ಕರೆಸಲಿಲ್ಲ. ಖಾಲಿ ಗೂಡುಗಳನ್ನು ಎಣಿಸಲಿಲ್ಲ. ಆ ಮನುಷ್ಯನ ಮೈಗೆ ಎಷ್ಟು ತಗುಲಿದೆ ಅಂತ ಒಬ್ಬ ಡಾಕ್ಟರಿಗೆ ತೋರಿಸಲಿಲ್ಲ. ಅಪ್ಪನನ್ನು ಕೂರಿಸಿ, ಮಗಳು ಸುಳ್ಳಿ ಅಂತ ಅಪ್ಪನ ಕೈಯಲ್ಲೇ ಬರೆಸಿದ.

“ಅವರ ಗೇಟ್ ಪಾಸ್ ಈ ತಿಂಗಳ ಕೊನೆಗೆ ಮುಗಿಯುತ್ತೆ,” ಅಂದ ಕಾರ್ಯದರ್ಶಿ. ಇನ್ನೊಂದು ಹಾಳೆ ಮುಂದಿಟ್ಟ. “ಅರ್ಜಿಗೆ ಪೋಷಕರು ಅಂತ ರುಜು ಹಾಕಿದ್ದು ನೀವು. ಹಾಗಾಗಿ ವಾಪಸ್ ತಗೊಳ್ಳೋಕೆ ನಿಮ್ಮ ರುಜು ಬೇಕು. ಹಾಕಿಬಿಡಿ. ಪಾಸ್ ಮುಂದುವರಿಯುತ್ತೆ. ಮಕ್ಕಳಿಗೆ ಮುಂದಿನ ವರ್ಷವೂ ಸ್ಪರ್ಧೆ ಇರುತ್ತೆ.”

ಈಗ ತಿಳಿಯಿತು ಕುರ್ಚಿ ಯಾಕೆ ತಯಾರಿತ್ತು ಅಂತ. ನನ್ನ ರುಜು ಇಲ್ಲದಿದ್ದರೆ ನಾನು ಮೇಲಿನ ಸಮಿತಿಗೆ ದೂರು ಕೊಡಬಹುದು. ಅಲ್ಲಿ ಯಾರಾದರೂ ಸಿನಿಮಾ ತರಿಸಿ ನೋಡಬಹುದು.

ಹಾಳೆಯನ್ನು ಅವನ ಮುಖದ ಮೇಲೆ ಎಸೆಯಬೇಕು ಅಂತ ಕೈ ಎತ್ತಿದ್ದೆ. ಆಗ ನನ್ನ ಹಳೇ ಚಾಳಿ ಅಡ್ಡ ಬಂತು. ಎದುರಿಗಿರುವವನು ಮಾತಾಡುತ್ತಿರುವಾಗ ನಾನು ಅವನ ಹಿಂದೆ ಏನಿದೆ ಅಂತ ನೋಡುತ್ತೇನೆ.

ಅವನ ಹಿಂದೆ ಪರದೆ ಇತ್ತು.

ಪರದೆಯ ಮೇಲೆ ಯಾವುದೋ ಮಗು ಕತ್ತರಿಸಿ ಮಾಡಿದ ಕಾಗದದ ಬೆಕ್ಕು ಮೇಜಿನ ಮೇಲೆ ಕುಣಿಯುತ್ತಿತ್ತು. ಸಿನಿಮಾದ ಕೆಳಗೆ ಊರಿನ ಸಂಖ್ಯೆ ಹಾಕಿದ್ದರು. ನಾಲ್ಕನೇ ಊರು. ಇಲ್ಲಿಂದ ರೈಲಿನಲ್ಲಿ ಒಂದೂವರೆ ದಿನದ ದಾರಿ. ಆ ಊರಿನಲ್ಲಿ ನಮಗೆ ಯಾರೂ ಇಲ್ಲ. ಜಿಗಣೆಯ ಅಪ್ಪ ಅದರ ಮುಖವನ್ನೇ ನೋಡಿಲ್ಲ.

ಬೆಕ್ಕಿನ ಹಿಂದೆ ಒಂದು ಬಾಗಿಲಚೌಕಟ್ಟು. ಚೌಕಟ್ಟಿನಲ್ಲಿ ಒಂದು ಮೊಳೆ. ಮೊಳೆಯಲ್ಲಿ ಎರಡು ಬ್ಯಾಡ್ಜು, ಕ್ಲಿಪ್ಪು ಹಸಿರು. ಕೆಳಗೆ ನೆಲದ ಮೇಲೆ ಒಂದು ಜೊತೆ ಬೂಟು.

ಬೆಕ್ಕು ಜಿಗಿಯಿತು. ಬೂಟು ಮಾಯ. ಮೊಳೆಯಲ್ಲಿ ಒಂದು.

ಬೆಕ್ಕು ತಿರುಗಿತು. ಬೂಟು ಬಂತು. ಮೊಳೆಯಲ್ಲಿ ಎರಡು.

 ಒಬ್ಬ ಮನುಷ್ಯ, ಒಂದು ತಪ್ಪು ಅಂದಿದ್ದನಲ್ಲ ಇವನು. ಎರಡು ಊರಿನ ಇಬ್ಬರು ಕೂಲಿಯವರು, ಒಬ್ಬರಿಗೊಬ್ಬರು ಗುರುತೇ ಇಲ್ಲದವರು, ಒಂದೇ ತಪ್ಪನ್ನು ಒಂದೇ ಥರ ಮಾಡುತ್ತಾರೆಯೇ? ಇದು ಮೇಲಿನಿಂದ ಬಂದ ಪದ್ಧತಿ. ಶನಿವಾರ ಬೆಳಿಗ್ಗೆ ಹತ್ತಕ್ಕೆ ಐದು ಊರಿನ ಜನರೆದುರಿಗೆ ಈ ಬೆಕ್ಕು ಕುಣಿಯುತ್ತೆ. ಅಲ್ಲಿಯವರೆಗೆ ಇದನ್ನು ಯಾರೂ ಕತ್ತರಿಸದಿದ್ದರೆ ಸಾಕು.

ಇವನು ಇದನ್ನು ಇನ್ನೂ ನೋಡಿಲ್ಲ.

“ಸಾರ್,” ಅಂತ ಹಿಂದಿನ ಸಾಲಿನಿಂದ ಪ್ರೊಜೆಕ್ಟರಿನವನು ಕೂಗಿದ. “ಇದ್ರಲ್ಲೂ ಹಿಂದೆ ಏನೋ ಜಿಗೀತಾ ಇದೆ. ಒಂದ್ಸಲ ನೋಡಿಬಿಡ್ತೀರಾ?”

ಕಾರ್ಯದರ್ಶಿ ಕುರ್ಚಿಯ ಕೈ ಹಿಡಿದು ಅರ್ಧ ತಿರುಗಿದ.

“ಪೆನ್ನು ಕೊಡಿ,” ಅಂದೆ.

ತಿರುಗುವುದನ್ನು ಅರ್ಧಕ್ಕೇ ನಿಲ್ಲಿಸಿದ. ಪ್ರೊಜೆಕ್ಟರಿನವನಿಗೆ ಮುಂದೆ ಓಡಿಸು ಅಂತ ಕೈ ಬೀಸಿ, ನನ್ನ ಕಡೆ ತಿರುಗಿದ. ಮುಖದಲ್ಲಿ ನಗು ಮೂಡಿತು, ಬಾಗಿಲ ಮೇಲಿನ ಅಣುವಿನ ನಗುವೇ.

“ಒಳ್ಳೇ ತೀರ್ಮಾನ ಮೇಡಂ. ಒಮ್ಮೆ ಓದಿ ಹಾಕಿ.”

“ನನ್ನ ಕನ್ನಡಕ ಸರಿಯಿಲ್ಲ. ಗಟ್ಟಿಯಾಗಿ ಓದ್ತೀನಿ, ತಪ್ಪಿದ್ರೆ ಹೇಳಿ. ನನ್ನ ಬಾಯನ್ನೇ ನೋಡ್ತಾ ಇರಿ.”

ಓದಿದೆ. ಒಂದನೇ ತರಗತಿಯ ಮಗು ಅಕ್ಷರ ಕೂಡಿಸುವ ಹಾಗೆ ಓದಿದೆ. ಸ್ಪರ್ಧೆಯ ಹೆಸರಿಗೇ ಎರಡು ಸಲ ತಡವರಿಸಿದೆ. ಅವನ ಭುಜದ ಮೇಲಿಂದ ಬೆಕ್ಕು ಕುಣಿಯುತ್ತಲೇ ಇತ್ತು. ಬೂಟು ಬಂತು, ಹೋಯಿತು, ಬಂತು. ನಾನು ಓದುತ್ತಲೇ ಇದ್ದೆ.

“ಈ ಚಿತ್ರವನ್ನು ಮಗು ಮಾಡಿರುವುದಿಲ್ಲ. ದೊಡ್ಡವರು ಮಾಡಿಕೊಟ್ಟಿದ್ದೆಂದು ನಾನು ಒಪ್ಪುತ್ತೇನೆ. ಮಗು ಸುಳ್ಳು ಹೇಳಿರುವುದು ನಿಜ.”

ಪರದೆ ಬೆಳ್ಳಗಾಯಿತು. ಬೆಕ್ಕು ಮುಗಿಯಿತು. ಮುಂದಿನ ಸಿನಿಮಾ ಶುರುವಾಯಿತು.

ರುಜು ಹಾಕಿದೆ. 

ಹಿಂದೆ ಬಾಗಿಲ ಹತ್ತಿರ ಏನೋ ನೆಲಕ್ಕೆ ಬಿತ್ತು. ಮೆತ್ತನೆಯ, ಒದ್ದೆಯ ಸದ್ದು.

ಇಪ್ಪತ್ತಾರು ವರ್ಷ ಎಲ್ಲರಿಗೂ ಹಿಂದೆ ನೋಡಿ ಅಂತ ಪಾಠ ಹೇಳಿದವಳು ನಾನು. ನನ್ನ ಬೆನ್ನ ಹಿಂದೆ ಬಾಗಿಲು ತೆರೆದದ್ದು ನನಗೆ ತಿಳಿದಿರಲಿಲ್ಲ.

ಜಿಗಣೆ ನಿಂತಿದ್ದಳು. ಶಾಲೆಯಿಂದ ಓಡಿಬಂದು ಮೂಗಿನ ಮೇಲೆ ಬೆವರು. ಕಾಲ ಬಳಿ ಮಣ್ಣಿನ ಉಂಡೆ ಬಿದ್ದಿತ್ತು. ಅವರೆದುರಿಗೇ ಮಾಡಿ ತೋರಿಸುತ್ತೇನೆ ಅಂತ ದಾರಿಯುದ್ದಕ್ಕೂ ನಾದಿಕೊಂಡು ಬಂದಿದ್ದಳು. ಆಗಲೇ ಅದಕ್ಕೆ ಒಂದು ಬಾಲ ಮೂಡಿತ್ತು.

ಅವಳು ಅಳಲಿಲ್ಲ. ಅತ್ತಿದ್ದರೆ ಹತ್ತಿರ ಹೋಗಿ ತಬ್ಬಿಕೊಳ್ಳುತ್ತಿದ್ದೆ.

“ದೊಡ್ಡಮ್ಮ,” ಅಂದಳು. “ನೀನು ಮೂವತ್ತನಾಲ್ಕು ದಿನವೂ ನೋಡಿದ್ದೀಯಲ್ಲ. ನಾನು ಸುಳ್ಳು ಹೇಳಿದ್ನಾ?”

ನಾನು ಇಲ್ಲ ಅಂದರೆ ರುಜು ಯಾಕೆ ಹಾಕಿದೆ ಅಂತ ಇವನು ಯೋಚಿಸುತ್ತಾನೆ. ಯೋಚಿಸಿದರೆ ನನ್ನ ಕಣ್ಣು ಇಷ್ಟು ಹೊತ್ತು ಎಲ್ಲಿ ನೆಟ್ಟಿತ್ತು ಅನ್ನೋದು ಹೊಳೆಯುತ್ತದೆ. ಹೌದು ಅಂದರೆ, ಆ ಮಗುವಿಗೆ ಈ ಊರಿನಲ್ಲಿ ಉಳಿದಿದ್ದ ಕೊನೆಯ ಸಾಕ್ಷಿಯೂ ಸತ್ತ ಹಾಗೆ.

ಕಾರ್ಯದರ್ಶಿ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡ. ಕುರ್ಚಿಗೆ ಒರಗಿ, ನನ್ನ ಮುಖವನ್ನೇ ನೋಡುತ್ತಾ ಕಾದ.

“ಹೇಳಿ ಮೇಡಂ,” ಅಂದ. “ಮಗು ಕೇಳ್ತಾ ಇದೆ.”